ಒಂದೇ ಬೇಲಿ, ಎರಡು ಊರು: ಹಬ್ಬಾನಿಯಾ ವಾಯುನೆಲೆ, 1936–1959

ವಾಯುಪಡೆಯವರಿಗೆ ನೆಲೆ ಎಂದರೆ ಪೋಸ್ಟಿಂಗ್. ಬಂದಿಳಿದ ದಿನವೇ ವಾಪಸು ಹೋಗುವ ತಿಂಗಳ ಲೆಕ್ಕ ಶುರುವಾಗುತ್ತದೆ. ಇರಾಕಿನ ಹಬ್ಬಾನಿಯಾದಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಇಪ್ಪತ್ತೆರಡೂವರೆ ವರ್ಷ ನಡೆಸಿದ ನೆಲೆಯಲ್ಲೂ ಹಾಗೇ ಆಗುತ್ತಿತ್ತು. ಲಂಕಾಶೈರಿನಿಂದಲೋ ಸ್ಕಾಟ್ಲೆಂಡಿನಿಂದಲೋ ಬಂದ ಇಪ್ಪತ್ತರ ಹುಡುಗರು ಎರಡು, ಎರಡೂವರೆ ವರ್ಷದ ಅವಧಿಯನ್ನು ಬಿಸಿಲಿಗೆ ಬೈಯುತ್ತ ಕಳೆದು ಹಡಗು ಹತ್ತುತ್ತಿದ್ದರು. ಆದರೆ ಅದೇ ಬೇಲಿಯ ಒಳಗೆ, ಎಲ್ಲಿಗೂ ವಾಪಸು ಹೋಗಬೇಕಿಲ್ಲದ, ಹೋಗಲು ಬೇರೆ ಜಾಗವೇ ಇಲ್ಲದ ಸಾವಿರಾರು ಜನರ ಇನ್ನೊಂದು ಊರಿತ್ತು. ಅವರಿಗೆ ಹಬ್ಬಾನಿಯಾ ಪೋಸ್ಟಿಂಗ್ ಅಲ್ಲ, ಹುಟ್ಟೂರು. ಮುಂದೆ ನೆಲೆ ಮುಚ್ಚಿದಾಗ ಹೆಚ್ಚು ಕಳೆದುಕೊಂಡವರು ಅವರೇ. ಪುಸ್ತಕಗಳಲ್ಲಿ ಮಾತ್ರ ಅವರು ಎರಡು ಮೂರು ಪುಟಕ್ಕಿಂತ ಹೆಚ್ಚು ಜಾಗ ಪಡೆದದ್ದಿಲ್ಲ.

ಜಾಲಹಳ್ಳಿ, ಯಲಹಂಕದ ವಾಯುಪಡೆ ಕ್ವಾರ್ಟರ್ಸುಗಳಲ್ಲಿ ಬೆಳೆದ ನಮ್ಮಂಥವರಿಗೆ ಈ ಎರಡು ಊರಿನ ವಿಷಯ ಬಿಡಿಸಿ ಹೇಳಬೇಕಿಲ್ಲ. ಗೇಟಿನ ಒಳಗೆ ಹುಟ್ಟಿದ ಮಕ್ಕಳು ಎಲ್ಲಿಯವರು ಎಂದು ಯಾರಾದರೂ ಕೇಳಿದರೆ ಉತ್ತರಕ್ಕೆ ತಡವರಿಸುವುದು ನಮಗೂ ಗೊತ್ತು. ಆದರೂ ನಮ್ಮಪ್ಪಂದಿರಿಗೆ ಧಾರವಾಡವೋ ಕೊಡಗೋ ಕೊಲ್ಲಂ ಕಡೆಯ ಹಳ್ಳಿಯೋ ಇತ್ತು. ನಿವೃತ್ತಿಯ ಮಾತು ಬಂದರೆ ಅಲ್ಲಿನ ಮನೆಯ ಮಾತೂ ಬರುತ್ತಿತ್ತು. ಹಬ್ಬಾನಿಯಾದ ಆ ಇನ್ನೊಂದು ಊರಿನ ಅಸ್ಸೀರಿಯನ್ ಕ್ರೈಸ್ತ ಕುಟುಂಬಗಳಿಗೆ ಅಂಥ ಊರಿರಲಿಲ್ಲ.

ನೆಲೆ ಅಲ್ಲಿ ಏಕೆ ಬಂತು ಎಂಬುದನ್ನು ಮೊದಲು ನೋಡೋಣ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ತುರ್ಕರಿಂದ ಮೆಸೊಪೊಟೇಮಿಯಾ ಗೆದ್ದುಕೊಂಡದ್ದು ಬಹುಪಾಲು ಭಾರತದ ಸೈನಿಕರ ಹೆಗಲ ಮೇಲೆ. 1917ರ ಸೆಪ್ಟೆಂಬರಿನಲ್ಲಿ, ಮುಂದೆ ಈ ನೆಲೆ ಎದ್ದ ಜಾಗದ ನೆರೆಯ ಊರಾದ ರಮಾದಿಯನ್ನು ಹಿಡಿದದ್ದು 15ನೇ ಇಂಡಿಯನ್ ಡಿವಿಷನ್. ಗೆದ್ದ ದೇಶವನ್ನು ಕಾಲಾಳು ಪಡೆ ಇಟ್ಟು ಕಾಯುವುದು ದುಬಾರಿ ಎಂದು 1921ರ ಕೈರೋ ಸಮ್ಮೇಳನದಲ್ಲಿ ಲೆಕ್ಕ ಹಾಕಿದರು. 1922ರ ಅಕ್ಟೋಬರಿನಿಂದ ಇರಾಕಿನ ಕಾವಲು ವಾಯುಪಡೆಯ ಪಾಲಿಗೆ ಬಂತು. ಕಾವಲು ಎಂಬುದು ಸೌಮ್ಯವಾದ ಮಾತು. ಕಂದಾಯ ಕೊಡದ, ದಂಗೆ ಎದ್ದ ಹಳ್ಳಿಗಳ ಮೇಲೆ ಬಾಂಬು ಹಾಕುವುದೂ ಅದರಲ್ಲಿ ಸೇರಿತ್ತು. ನಿವೃತ್ತರ ನೆನಪಿನ ಬರಹಗಳಲ್ಲಿ ಈ ಭಾಗ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಇರಾಕಿನವರು ಆ ನೆಲೆಯನ್ನು ಏಕೆ ಪ್ರೀತಿಯಿಂದ ನೆನೆಯುವುದಿಲ್ಲ ಎಂಬುದಕ್ಕೆ ಉತ್ತರ ಇರುವುದು ಇಲ್ಲೇ.

1930ರ ಜೂನ್ 30ರಂದು ಆದ ಆಂಗ್ಲೋ-ಇರಾಕಿ ಒಪ್ಪಂದದಂತೆ ಇರಾಕ್ ಸ್ವತಂತ್ರವಾಗಬೇಕು, ಬ್ರಿಟನ್ನಿಗೆ ಮಾತ್ರ ಎರಡು ವಾಯುನೆಲೆ ಉಳಿಯಬೇಕು. ಒಂದು ಬಸ್ರಾ ಹತ್ತಿರ, ಇನ್ನೊಂದು ಯೂಫ್ರಟಿಸ್ ನದಿಯ ಪಶ್ಚಿಮಕ್ಕೆ. ಬಸ್ರಾ ಕಡೆಗೆ ಶೈಬಾ ಮೊದಲೇ ಇತ್ತು. ಬಾಗ್ದಾದಿನ ಮಗ್ಗುಲಿನ ಹಿನೈದಿ ನೆಲೆಯನ್ನು ಬಿಟ್ಟುಕೊಡಬೇಕಾಗಿ ಬಂದದ್ದರಿಂದ ಹೊಸ ಜಾಗ ಹುಡುಕಿದರು. ಸಿಕ್ಕಿದ್ದು ಬಾಗ್ದಾದಿನಿಂದ ಸುಮಾರು 90 ಕಿಲೋಮೀಟರ್ ಪಶ್ಚಿಮಕ್ಕೆ, ರಮಾದಿ ಮತ್ತು ಫಲ್ಲೂಜಾಗಳ ನಡುವೆ, ನದಿಯ ದಂಡೆಯ ಮೇಲಿನ ಬಯಲು. ದಕ್ಷಿಣಕ್ಕೆ ಬೋಳು ದಿಣ್ಣೆ, ದಿಣ್ಣೆಯ ಆಚೆ ಹಬ್ಬಾನಿಯಾ ಸರೋವರ. ನೀರಿನ ಆಸೆಗೆ ಆರಿಸಿದ ಜಾಗ ಅದು. ಯುದ್ಧದ ಕಣ್ಣಿನಿಂದ ನೋಡಿದರೆ ಅದಕ್ಕಿಂತ ಕೆಟ್ಟ ಆಯ್ಕೆ ಕಷ್ಟ. ದಿಣ್ಣೆಯ ಮೇಲೆ ಒಂದು ತೋಪು ಇಟ್ಟವನಿಗೆ ನೆಲೆಯ ಪ್ರತಿಯೊಂದು ಚಾವಣಿಯೂ ಕಾಣುತ್ತಿತ್ತು. ಸಾಲದೆಂಬಂತೆ ವಿಮಾನ ಇಳಿಯುವ ಮೈದಾನವನ್ನು ಬೇಲಿಯ ಹೊರಗೆ, ದಿಣ್ಣೆಯ ಬುಡದ ಕಡೆಗೇ ಮಾಡಿದರು. ಈ ಎರಡು ತಪ್ಪಿನ ಬೆಲೆ ಐದೇ ವರ್ಷದಲ್ಲಿ ತಿಳಿಯಿತು.

1934ರಲ್ಲಿ ಶುರುವಾದ ಕೆಲಸ 1936ರ ಅಕ್ಟೋಬರಿಗೆ ಒಂದು ಹಂತಕ್ಕೆ ಬಂದು ನೆಲೆ ತೆರೆಯಿತು. ಮೊದಲ ಹೆಸರು ಧಿಬ್ಬಾನ್. 1938ರ ಮೇ ತಿಂಗಳಲ್ಲಿ ಅದೇ ಹಬ್ಬಾನಿಯಾ ಆಯಿತು. ಸುತ್ತ ಹತ್ತು ಕಿಲೋಮೀಟರಿಗೂ ಉದ್ದದ ಕಬ್ಬಿಣದ ಬೇಲಿ. ಒಳಗೆ ಸ್ವಂತ ವಿದ್ಯುತ್ ಸ್ಥಾವರ, ನದಿಯ ನೀರನ್ನು ಶುದ್ಧ ಮಾಡುವ ವ್ಯವಸ್ಥೆ, ವಿಮಾನ ದುರಸ್ತಿಯ ಡಿಪೊ, ಆಸ್ಪತ್ರೆ, ಚರ್ಚು, ಸಿನಿಮಾ, ಈಜುಕೊಳ, ಕುದುರೆ ಲಾಯ, ಪೋಲೊ ಮೈದಾನ, ಗಾಲ್ಫ್ ಮೈದಾನ. ನದಿಯ ನೀರು ಹಾಯಿಸಿ ರಸ್ತೆಯ ಎರಡೂ ಬದಿ ಮರ ಬೆಳೆಸಿದರು, ಹೂದೋಟ ಮಾಡಿದರು. ಏರ್ ಆಫೀಸರ್ ಕಮಾಂಡಿಂಗ್ ಇರುತ್ತಿದ್ದ ಏರ್ ಹೌಸ್ ಬಂಗಲೆಯ ಸುತ್ತಲಿನ ಹುಲ್ಲುಹಾಸು ನೋಡಿದವರಿಗೆ ಆಚೆ ಮರುಭೂಮಿ ಇದೆ ಎಂದು ನಂಬುವುದು ಕಷ್ಟವಾಗುತ್ತಿತ್ತು. ಅಧಿಕಾರಿಗಳು ಬೇಟೆನಾಯಿಗಳ ಹಿಂಡು ಸಾಕಿ, ಕುದುರೆ ಏರಿ, ನರಿ ಬೇಟೆಗೆ ಹೋಗುತ್ತಿದ್ದರು. ಆ ಬೇಟೆಕೂಟಕ್ಕೆ ರಾಯಲ್ ಎಕ್ಸೋಡಸ್ ಹಂಟ್ ಎಂಬ ಹೆಸರೂ ಇತ್ತು. ಇಂಗ್ಲೆಂಡಿನಲ್ಲಿ ಸೊಗಸಾಗಿ ಕಾಣುವ ಈ ಆಟ ನಲವತ್ತೈದು ಡಿಗ್ರಿಯ ಬಿಸಿಲಿನ ನಾಡಿನಲ್ಲಿ ಹೇಗೆ ಕಾಣುತ್ತಿತ್ತೋ, ಓದುಗರೇ ಊಹಿಸಿಕೊಳ್ಳಲಿ.

ಸರೋವರಕ್ಕೆ ಇನ್ನೊಂದು ಉಪಯೋಗವಿತ್ತು. 1937ರ ಕೊನೆಯ ಹೊತ್ತಿಗೆ ಇಂಪೀರಿಯಲ್ ಏರ್‌ವೇಸಿನ ಜಲವಿಮಾನಗಳು ಅಲೆಕ್ಸಾಂಡ್ರಿಯಾದಿಂದ ಹೊರಟು, ಟೈಬೀರಿಯಸ್ ಸರೋವರದಲ್ಲೂ ಇಲ್ಲೂ ಇಳಿದು, ಬಸ್ರಾ ದಾಟಿ ಕರಾಚಿಗೆ ಹೋಗುತ್ತಿದ್ದವು. ಕರಾಚಿಯಿಂದ ಮುಂದಕ್ಕೆ ಟಪಾಲು ಒಯ್ಯುವ ಕೆಲಸ 1932ರಿಂದಲೇ ಟಾಟಾ ಕಂಪನಿಯದು. ಅವರ ಮೊದಲ ದಾರಿ ಅಹಮದಾಬಾದ್, ಮುಂಬಯಿ, ಬಳ್ಳಾರಿ, ಮದ್ರಾಸು. ಲಂಡನ್ನಿನ ಕಾಗದ ಬಳ್ಳಾರಿಯ ಮೈದಾನದಲ್ಲಿ ಇಳಿಯುವ ಮೊದಲು ಇರಾಕನ್ನು ಹಾದೇ ಬರಬೇಕಿತ್ತು.

ಭಾರತದ ನಂಟು ಟಪಾಲಿಗೆ ಮುಗಿಯಲಿಲ್ಲ. ರಾಯಲ್ ಏರ್ ಫೋರ್ಸಿನ ಬಾಯಿಮಾತಿನಲ್ಲಿ ಧೋಬಿ, ಚಾರ್ಪಾಯಿ, ಚಿಟ್, ಚಾ ಎಲ್ಲವೂ ಅಂಬಾಲಾ, ಪೇಶಾವರಗಳಿಂದ ಹೊರಟು ಇರಾಕಿನ ಬ್ಯಾರಕುಗಳಿಗೂ ಬಂದಿದ್ದವು. ಬೇಲಿಯೊಳಗೆ ದುಡಿಯುತ್ತಿದ್ದ ನಾಗರಿಕರಲ್ಲಿ ಅಸ್ಸೀರಿಯನ್ನರ ಜೊತೆಗೆ ಅರಬರು, ಕುರ್ದರು, ಅರ್ಮೇನಿಯನ್ನರು, ಭಾರತೀಯರು ಎಲ್ಲರೂ ಇದ್ದರು. ಇವರೆಲ್ಲ ವಾಸವಾಗಿದ್ದದ್ದು ಸಿವಿಲ್ ಕಂಟೋನ್ಮೆಂಟಿನಲ್ಲಿ. ನಾನು ಎರಡನೆಯ ಊರು ಎಂದದ್ದು ಇದನ್ನೇ.

ಈ ಊರಿನ ಬಹುಪಾಲು ಜನ ಎಲ್ಲಿಂದ ಬಂದರು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಸ್ಸೀರಿಯನ್ನರು ಪೂರ್ವದ ಸಭೆ ಎಂಬ ಪುರಾತನ ಚರ್ಚಿಗೆ ಸೇರಿದ ಕ್ರೈಸ್ತರು. ಮನೆಯಲ್ಲಿ ಆಡುವುದು ಅರಾಮಿಕ್‌ನ ಇಂದಿನ ರೂಪ. ಅವರ ಹಳೆಯ ನೆಲ ಇಂದಿನ ತುರ್ಕಿಯ ಹಕ್ಕಾರಿ ಬೆಟ್ಟಗಳು ಮತ್ತು ಇರಾನಿನ ಉರ್ಮಿಯಾ ಬಯಲು. 1915ರ ಕಗ್ಗೊಲೆಗಳಲ್ಲಿ ಹಕ್ಕಾರಿ ಕೈತಪ್ಪಿತು. 1918ರಲ್ಲಿ ಉರ್ಮಿಯಾ ಬಿಟ್ಟು ಹಮದಾನಿನ ಕಡೆಗೆ ಓಡಿದ ಸಾವಿರಾರು ಜನ ದಾರಿಯಲ್ಲೇ ಸತ್ತರು. ಉಳಿದವರನ್ನು ಬ್ರಿಟಿಷರು ಬಾಗ್ದಾದಿನ ಉತ್ತರಕ್ಕಿರುವ ಬಾಕುಬಾದ ನಿರಾಶ್ರಿತರ ಶಿಬಿರದಲ್ಲಿ ಇಟ್ಟರು. ಆ ಶಿಬಿರದ ಗಂಡಸರು ಇರಾಕ್ ಲೆವಿ ಎಂಬ ಪಡೆಗೆ ಸೇರಿದರು. 1915ರಲ್ಲಿ ಅರಬ್ ಸವಾರರಿಂದ ಶುರುವಾಗಿದ್ದ ಈ ಪಡೆ ಇಪ್ಪತ್ತರ ದಶಕದಲ್ಲಿ ಹೆಚ್ಚುಕಡಿಮೆ ಅಸ್ಸೀರಿಯನ್ನರದೇ ಆಯಿತು. ಬ್ರಿಟಿಷ್ ವಾಯುನೆಲೆಗಳ ಕಾವಲು ಅವರ ಕೆಲಸ. ಬ್ರಿಟಿಷ್ ಸಂಬಳ, ಬ್ರಿಟಿಷ್ ಬಂದೂಕು. ಹೊಸದಾಗಿ ಕಣ್ಣು ಬಿಡುತ್ತಿದ್ದ ಇರಾಕಿ ರಾಷ್ಟ್ರೀಯತೆಯ ಕಣ್ಣಿಗೆ ಅವರು ಪರದೇಶಿ ದೊರೆಯ ಕೂಲಿ ಸೈನಿಕರಾಗಿ ಕಂಡದ್ದರಲ್ಲಿ ಅಚ್ಚರಿಯಿಲ್ಲ.

ಸ್ವಾತಂತ್ರ್ಯ ಹತ್ತಿರ ಬಂದಂತೆ ಅವರ ಎದೆ ನಡುಗಿತು. ಬ್ರಿಟಿಷರು ಹೋದ ಮೇಲೆ ನಮ್ಮ ಗತಿ ಏನು ಎಂದು 1932ರಲ್ಲಿ ಲೆವಿ ಸೈನಿಕರು ಒಟ್ಟಾಗಿ ರಾಜೀನಾಮೆಯ ಮಾತೆತ್ತಿದರು. ಬ್ರಿಟನ್ ಈಜಿಪ್ಟಿನಿಂದ ವಿಮಾನದಲ್ಲಿ ಬಿಳಿಯ ಸೈನಿಕರನ್ನು ಕರೆಸಿ ಅದನ್ನು ಅಡಗಿಸಿತು. ಮರುವರ್ಷ ಆಗಸ್ಟಿನಲ್ಲಿ ಉತ್ತರದ ಸಿಮೇಲೆ ಮತ್ತು ಸುತ್ತಲ ಹಳ್ಳಿಗಳಲ್ಲಿ ಇರಾಕಿ ಸೇನೆ ಅಸ್ಸೀರಿಯನ್ನರನ್ನು ನೂರುಗಟ್ಟಲೆ ಕೊಂದಿತು. ಅವರ ಧರ್ಮಗುರು ಮಾರ್ ಶಿಮೂನರನ್ನು ದೇಶದಿಂದ ಹೊರಹಾಕಿ ಸೈಪ್ರಸ್ಸಿಗೆ ಕಳಿಸಲಾಯಿತು. ಇದಾದ ವರ್ಷಕ್ಕೆ ಹಬ್ಬಾನಿಯಾದ ಅಡಿಪಾಯ. ಹಿನೈದಿಯಿಂದ ಸಾಮಾನು ಕಟ್ಟಿಕೊಂಡು ಬಂದ ಲೆವಿ ಕುಟುಂಬಗಳು ಹೊಸ ಬೇಲಿಯನ್ನು ಯಾವ ಕಣ್ಣಿನಿಂದ ನೋಡಿರಬೇಕು! ಬ್ರಿಟಿಷ್ ಹುಡುಗನಿಗೆ ಅದು ಸೆರೆಯ ಬೇಲಿ, ಇವರಿಗೆ ರಕ್ಷಣೆಯ ಗೋಡೆ.

ಬೇಲಿಯೊಳಗೆ ಬದುಕು ಕುದುರಿತು. ಗಂಡಸರು ಲೆವಿ ಪಡೆಯಲ್ಲಿ, ವರ್ಕ್‌ಶಾಪಿನಲ್ಲಿ, ಕಚೇರಿಯಲ್ಲಿ ಗುಮಾಸ್ತರಾಗಿ, ಅಧಿಕಾರಿಗಳ ಮನೆಯಲ್ಲಿ ಅಡುಗೆಯವರಾಗಿ ದುಡಿದರು. ಅಪ್ಪ ಫಿಟ್ಟರ್ ಆಗಿದ್ದರೆ ಮಗ ಎಲೆಕ್ಟ್ರಿಷಿಯನ್ ಆದ. ರಾಬಿ ಯಾಕೂಬ್ ಎಂದೇ ಜನ ಕರೆಯುತ್ತಿದ್ದ ಮೇಷ್ಟರು ನಡೆಸುತ್ತಿದ್ದ ಅಸ್ಸೀರಿಯನ್ ಶಾಲೆಯಲ್ಲಿ ಮಕ್ಕಳು ತಮ್ಮ ಭಾಷೆಯ ಜೊತೆ ಇಂಗ್ಲಿಷು, ಅರಬ್ಬಿ ಕಲಿತರು. ಈಗ ಎಂಬತ್ತು ದಾಟಿದ ಹಬ್ಬಾನಿಯಾದವರು ಎಲ್ಲಿ ಕೂಡಿದರೂ ಮಾತು ಆ ಶಾಲೆಗೆ ಬಂದು ನಿಲ್ಲುತ್ತದೆ. ಮೇಷ್ಟರ ಶಿಸ್ತು, ಶಾಲೆಯ ಫುಟ್‌ಬಾಲ್ ತಂಡ, ಮದುವೆಗಳಲ್ಲಿ ಕೈ ಕೈ ಹಿಡಿದು ಸಾಲಾಗಿ ಕುಣಿಯುವ ಖಿಗ್ಗಾ, ಬೇಸಿಗೆಯ ರಾತ್ರಿ ಮನೆಯ ಮಾಳಿಗೆಯ ಮೇಲೆ ಮಲಗುವುದು, ಎಲೆಯಲ್ಲಿ ಸುತ್ತಿ ಬೇಯಿಸಿದ ದೊಲ್ಮಾ. ವಿಮಾನದ ಮಾತು ಅಷ್ಟಾಗಿ ಬರುವುದಿಲ್ಲ. ವಾಯುನೆಲೆಯ ಮಕ್ಕಳಿಗೆ ವಿಮಾನದ ಸದ್ದು ಕಿವಿಗೆ ಬೀಳುವುದೇ ಇಲ್ಲ ಎಂಬುದನ್ನು ನನ್ನ ಅನುಭವದಿಂದಲೂ ಹೇಳಬಲ್ಲೆ.

ಬ್ರಿಟಿಷ್ ಯೋಧರ ನೆನಪುಗಳ ಬಣ್ಣ ಬೇರೆ. ಮೊದಲು ಬೈಗುಳ, ನಂತರ ಮಮತೆ. ರೋಆಲ್ಡ್ ಡಾಲ್ ಎಂಬ ಮಕ್ಕಳ ಕಥೆಗಾರ 1940ರಲ್ಲಿ ವಿಮಾನ ಹಾರಿಸುವುದನ್ನು ಪೂರ್ತಿ ಕಲಿತದ್ದು ಇಲ್ಲಿ. ತನ್ನ ‘ಗೋಯಿಂಗ್ ಸೋಲೋ’ದಲ್ಲಿ ಅವನು ಜಾಗದ ಬಗ್ಗೆ ಒಳ್ಳೆಯ ಮಾತು ಹೇಳಲಿಲ್ಲ. ಬಿಸಿಲು, ನೊಣ, ಧೂಳಿನ ಬಿರುಗಾಳಿ, ಸಾಲದ್ದಕ್ಕೆ ಆ ವರ್ಷ ಯೂಫ್ರಟಿಸ್ ಉಕ್ಕಿ ಎಲ್ಲರೂ ದಿಣ್ಣೆಯ ಮೇಲೆ ಗುಡಾರ ಹಾಕಿಕೊಳ್ಳಬೇಕಾದ ಪಾಡು. ಡಾಲ್ ಕಲಿತ ಶಾಲೆ ನಾಲ್ಕನೇ ಸರ್ವಿಸ್ ಫ್ಲೈಯಿಂಗ್ ಟ್ರೈನಿಂಗ್ ಸ್ಕೂಲ್. ಎರಡನೆಯ ಮಹಾಯುದ್ಧ ಶುರುವಾದ ತಿಂಗಳಲ್ಲಿ ಅದು ಈಜಿಪ್ಟಿನ ಅಬು ಸುಯೇರ್‌ನಿಂದ ಇಲ್ಲಿಗೆ ಬಂದಿತ್ತು. ಮುಂದಿನ ಕಥೆಯ ನಾಯಕ ಈ ಶಾಲೆಯೇ.

1941ರ ಏಪ್ರಿಲ್ 1ರಂದು ರಶೀದ್ ಅಲಿ ಅಲ್-ಗೈಲಾನಿ ಮತ್ತು ಅವನ ಬೆನ್ನಿಗಿದ್ದ ನಾಲ್ವರು ಕರ್ನಲ್‌ಗಳು ಬಾಗ್ದಾದಿನ ಅಧಿಕಾರ ಕಿತ್ತುಕೊಂಡರು. ಜರ್ಮನಿಯ ಕಡೆಗೆ ಅವರ ಒಲವು. ಬ್ರಿಟನ್ ಕೂಡಲೇ ಭಾರತದ ಕಡೆ ನೋಡಿತು. ಏಪ್ರಿಲ್ 18ಕ್ಕೆ 10ನೇ ಇಂಡಿಯನ್ ಡಿವಿಷನ್ನಿನ ಮೊದಲ ಬ್ರಿಗೇಡ್ ಬಸ್ರಾದಲ್ಲಿ ಇಳಿಯಿತು. ಅದಕ್ಕೂ ಹಿಂದಿನ ದಿನ ಕರಾಚಿಯಿಂದ ಕಿಂಗ್ಸ್ ಓನ್ ರೆಜಿಮೆಂಟಿನ ಸೈನಿಕರು ವಿಮಾನದಲ್ಲಿ ಶೈಬಾಕ್ಕೆ ಬಂದಿದ್ದರು. ತಂದದ್ದು ಬಹುಕಾಲ ಭಾರತದಲ್ಲೇ ಇದ್ದ 31ನೇ ಸ್ಕ್ವಾಡ್ರನ್. ಸೈನಿಕರನ್ನು ಇಷ್ಟು ದೂರ ಆಕಾಶಮಾರ್ಗದಲ್ಲಿ ಸಾಗಿಸಿ ಯುದ್ಧಕ್ಕೆ ಇಳಿಸಿದ್ದು ಬ್ರಿಟಿಷರಿಗೆ ಹೊಸ ಅನುಭವ. ತಿಂಗಳ ಕೊನೆಗೆ ಅವರಲ್ಲಿ ಕೆಲವು ನೂರು ಮಂದಿ ಹಬ್ಬಾನಿಯಾಕ್ಕೂ ಹಾರಿಬಂದರು.

ಏಪ್ರಿಲ್ 29ರಂದು ಬಾಗ್ದಾದಿನಲ್ಲಿದ್ದ ಬ್ರಿಟಿಷ್ ಹೆಂಗಸರು, ಮಕ್ಕಳನ್ನು ಲಾರಿಗಳಲ್ಲಿ ಹಬ್ಬಾನಿಯಾಕ್ಕೆ ತಂದರು. ಸುರಕ್ಷಿತ ಜಾಗಕ್ಕೆ ಬಂದೆವು ಎಂದು ಅವರು ಮಲಗಿ ಎದ್ದರೆ ದಿಣ್ಣೆಯ ಮೇಲೆ ಇರಾಕಿ ಸೇನೆ. ಕೆಲವೇ ಗಂಟೆಗಳಲ್ಲಿ ಸಾವಿರಾರು ಸೈನಿಕರು, ತೋಪುಗಳು, ಯುದ್ಧವಾಹನಗಳು. ವಿಮಾನ ಹಾರಿಸಕೂಡದು, ಯಾರೂ ಹೊರಗೆ ಬರಕೂಡದು ಎಂಬ ಸಂದೇಶವನ್ನು ಒಬ್ಬ ಇರಾಕಿ ಅಧಿಕಾರಿ ಗೇಟಿಗೆ ತಂದ. ತರಬೇತಿಗೆ ಅಡ್ಡಿ ಮಾಡಿದರೆ ಅದನ್ನು ಯುದ್ಧವೆಂದೇ ತಿಳಿಯುತ್ತೇವೆ ಎಂದು ಒಳಗಿನಿಂದ ಉತ್ತರ ಹೋಯಿತು. ಉತ್ತರದಲ್ಲಿ ಇದ್ದಷ್ಟು ಬಲ ಕೈಯಲ್ಲಿ ಇರಲಿಲ್ಲ. ಬೇಲಿಯೊಳಗೆ ಸುಮಾರು ಒಂದು ಸಾವಿರ ವಾಯುಪಡೆಯವರು, ಹನ್ನೆರಡು ನೂರು ಲೆವಿ ಸೈನಿಕರು, ಜೊತೆಗೆ ಒಂಬತ್ತು ಸಾವಿರದಷ್ಟು ನಾಗರಿಕರು.

ವಿಮಾನಗಳೆಂದರೆ ಆಡ್ಯಾಕ್ಸ್, ಆಕ್ಸ್‌ಫರ್ಡ್, ಗಾರ್ಡನ್‌ನಂಥ ತರಬೇತಿಯ ಹಳೆ ಯಂತ್ರಗಳು, ಬೆರಳೆಣಿಕೆಯ ಗ್ಲಾಡಿಯೇಟರ್‌ಗಳು. ಬೋಧಕರು ಹಿಂದಿನ ವಾರಗಳಲ್ಲೇ ವರ್ಕ್‌ಶಾಪಿನಲ್ಲಿ ಕೂತು ಅವುಗಳಿಗೆ ಬಾಂಬಿನ ಕೊಂಡಿ ಸೇರಿಸಿದ್ದರು. ಸಣ್ಣ ಬಾಂಬು ಮಾತ್ರ ಹೊರುತ್ತಿದ್ದ ಆಡ್ಯಾಕ್ಸಿಗೆ 250 ಪೌಂಡಿನ ಎರಡೆರಡು ಬಾಂಬು ಕಟ್ಟಿದರು. ಆ ಬೋಧಕರಲ್ಲಿ ಒಬ್ಬನಾದ ಟೋನಿ ಡಜನ್ ಮುಂದೆ ‘ಹಿಡನ್ ವಿಕ್ಟರಿ’ ಎಂಬ ಪುಸ್ತಕದಲ್ಲಿ ಈ ದಿನಗಳನ್ನು ಬರೆದ. ಬೇಲಿಯ ಹೊರಗಿನ ಮೈದಾನ ತೋಪಿಗೆ ಎದುರಾಗಿತ್ತು. ಆದ್ದರಿಂದ ಪೋಲೊ ಮತ್ತು ಗಾಲ್ಫ್ ಮೈದಾನವನ್ನೇ ರನ್‌ವೇ ಮಾಡಿಕೊಂಡರು. ಹಿಂದೆ ನೆರಳಿಗೆಂದು ಬೆಳೆಸಿದ್ದ ಮರಗಳು ಈಗ ವಿಮಾನಗಳಿಗೆ ಮರೆಯಾಗಿ ನಿಂತವು.

ಮೇ 2ರ ಬೆಳಗಿನ ಐದು ಗಂಟೆಗೆ, ಇನ್ನೂ ಕತ್ತಲಿರುವಾಗಲೇ ವಿಮಾನಗಳು ಹೊರಟವು. ಶೈಬಾದಿಂದ ವೆಲ್ಲಿಂಗ್ಟನ್ ಬಾಂಬರುಗಳೂ ಬಂದವು. ದಿಣ್ಣೆಯಿಂದ ತೋಪುಗಳು ಉತ್ತರ ಕೊಟ್ಟವು. ಆ ಒಂದೇ ದಿನ ಬೇಲಿಯೊಳಗೆ 13 ಮಂದಿ ಸತ್ತರು, ಅವರಲ್ಲಿ ನಾಗರಿಕರೂ ಇದ್ದರು. ಪೈಲಟ್ ಇಳಿದು ಓಡಿಹೋಗಿ ವರದಿ ಒಪ್ಪಿಸುವಷ್ಟರಲ್ಲಿ ವಿಮಾನಕ್ಕೆ ಮತ್ತೆ ಬಾಂಬು ತುಂಬುತ್ತಿದ್ದರು. ಕಲಿಯಲು ಬಂದಿದ್ದ ಹುಡುಗರು ಹಿಂದಿನ ಸೀಟಿನಲ್ಲಿ ಕೂತು ಬಂದೂಕು ಹಿಡಿದರು, ಕೆಲವರು ಹಾರಿಸಿದರು ಕೂಡ. ಇರಾಕಿ ತೋಪಿನವರು ನೀರಿನ ಗೋಪುರವೊಂದನ್ನು ಉರುಳಿಸಿದ್ದರೆ ಅಷ್ಟು ಜನಕ್ಕೆ ಕುಡಿಯುವ ನೀರಿಲ್ಲದೆ ಮುತ್ತಿಗೆ ಅಲ್ಲಿಗೇ ಮುಗಿಯುತ್ತಿತ್ತು. ಅದು ಕಡೆಯವರೆಗೂ ನಿಂತಿತು. ಹೆಂಗಸರು ಮಕ್ಕಳನ್ನು ತೋಪಿನ ದಾಳಿಯ ನಡುವೆಯೇ ಡಗ್ಲಸ್ ಮತ್ತು ವ್ಯಾಲೆಂಷಿಯಾ ವಿಮಾನಗಳಲ್ಲಿ ಬಸ್ರಾ ಕಡೆ ಸಾಗಿಸಿದರು.

ಇಲ್ಲಿ ಒಂದು ಮಾತು. ಆ ವಿಮಾನಗಳಲ್ಲಿ ಹೋದದ್ದು ಬಾಗ್ದಾದಿನಿಂದ ಬಂದಿದ್ದ ಮತ್ತು ನೆಲೆಯಲ್ಲಿದ್ದ ಬ್ರಿಟಿಷ್ ಕುಟುಂಬಗಳು. ಸಿವಿಲ್ ಕಂಟೋನ್ಮೆಂಟಿನ ತಾಯಂದಿರು ಮಕ್ಕಳನ್ನು ತಬ್ಬಿಕೊಂಡು ಅಲ್ಲೇ ಉಳಿದರು. ಅವರ ಗಂಡಂದಿರು ಬೇಲಿಯ ಸುತ್ತ ಕಂದಕದಲ್ಲಿದ್ದರು, ರಾತ್ರಿ ಕತ್ತಲಲ್ಲಿ ಹೊರಗೆ ನುಸುಳಿ ಶತ್ರುವಿನ ಮೇಲೆ ಬೀಳುತ್ತಿದ್ದರು. ಸಿಮೇಲೆಯ ಕೊಲೆಗಳು ನಡೆದು ಆಗ ಎಂಟು ವರ್ಷವೂ ಆಗಿರಲಿಲ್ಲ. ನೆಲೆ ಬಿದ್ದರೆ ಬ್ರಿಟಿಷರು ಯುದ್ಧಕೈದಿಗಳಾಗುತ್ತಿದ್ದರು. ಇವರ ಪಾಡು ಏನಾಗುತ್ತಿತ್ತೆಂದು ಇವರಿಗೆ ಚೆನ್ನಾಗಿ ಗೊತ್ತಿತ್ತು.

ಮೇ 5ರ ರಾತ್ರಿ ದಿಣ್ಣೆ ಖಾಲಿಯಾಯಿತು. ಮಾರನೆಯ ದಿನ ಫಲ್ಲೂಜಾ ರಸ್ತೆಯಲ್ಲಿ ಹೊರಟಿದ್ದ ಇರಾಕಿ ವಾಹನಗಳ ಸಾಲಿನ ಮೇಲೂ ಬಾಂಬು ಬಿತ್ತು. ಸತ್ತ ಇರಾಕಿಗಳೂ ನೂರಾರು. ತಮ್ಮ ನೆಲದ ಮೇಲಿನ ಪರದೇಶಿ ನೆಲೆಯನ್ನು ಎದುರಿಸಿದವರು ಎಂದು ಅವರನ್ನು ನೆನೆಯುವ ಜನ ಆ ದೇಶದಲ್ಲಿ ಇದ್ದಾರೆ, ಅದು ಅವರ ಹಕ್ಕು. ನಂತರದ್ದು ಬೇಗ ನಡೆಯಿತು. ಜರ್ಮನ್ ವಿಮಾನಗಳು ಮೋಸುಲ್‌ಗೆ ಬಂದು ಹಬ್ಬಾನಿಯಾದ ಮೇಲೂ ದಾಳಿ ಮಾಡಿದವು, ಆದರೆ ಅಷ್ಟರಲ್ಲಿ ತಡವಾಗಿತ್ತು. ಪ್ಯಾಲೆಸ್ಟೈನಿನಿಂದ ಮರುಭೂಮಿ ದಾಟಿ ಹೊರಟ ಹ್ಯಾಬ್‌ಫೋರ್ಸ್ ಎಂಬ ನೆರವಿನ ಪಡೆಯ ಮುಂಚೂಣಿ ತಂಡ 18ರ ಹೊತ್ತಿಗೆ ನೆಲೆ ತಲುಪಿತು. 19ಕ್ಕೆ ಲೆವಿಗಳೂ, ಬಸ್ರಾದಿಂದ ಹಾರಿಬಂದಿದ್ದ 2/4 ಗೂರ್ಖಾ ರೈಫಲ್ಸಿನವರೂ ಸೇರಿ ಫಲ್ಲೂಜಾ ಸೇತುವೆ ಹಿಡಿದರು. ಮೇ 31ಕ್ಕೆ ಕದನ ವಿರಾಮ. ಬಾಗ್ದಾದಿನ ಬಾಗಿಲಲ್ಲೇ ಬ್ರಿಟಿಷ್ ಪಡೆ ನಿಂತಿದ್ದಾಗ ಜೂನ್ 1 ಮತ್ತು 2ರಂದು ಆ ನಗರದ ಯಹೂದಿಗಳ ಮೇಲೆ ಫರ್ಹೂದ್ ಎಂಬ ಘೋರ ಹತ್ಯಾಕಾಂಡ ನಡೆಯಿತು. ಹಬ್ಬಾನಿಯಾದ ಗೆಲುವನ್ನು ಹಾಡಿ ಹೊಗಳುವ ಬರಹಗಳು ಇದನ್ನು ಬೇರೆ ಅಧ್ಯಾಯಕ್ಕೆ ಸರಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ.

ಆ ಮೇ ತಿಂಗಳು ಲೆವಿಗಳ ಮಾನ ಹೆಚ್ಚಿಸಿತು. 1943ರಲ್ಲಿ ಪಡೆಯ ಹೆಸರಿಗೇ ರಾಯಲ್ ಏರ್ ಫೋರ್ಸಿನ ಹೆಸರು ಸೇರಿತು. ಅವರಲ್ಲಿ ಕೆಲವರು ಪ್ಯಾರಾಚೂಟ್ ತರಬೇತಿ ಪಡೆದು ಅಲ್ಬೇನಿಯಾದವರೆಗೂ ಹೋಗಿ ಕಾದಾಡಿದರು.

ಯುದ್ಧದ ನಂತರದ ಹತ್ತು ವರ್ಷ ಸಂಸಾರಗಳ ಕಾಲ. ಬ್ರಿಟಿಷ್ ಯೋಧರಿಗೆ ಹೆಂಡತಿ ಮಕ್ಕಳನ್ನು ಕರೆತರುವ ಅವಕಾಶ ಹೆಚ್ಚಿತು, ವ್ಯಾಂಪೈರ್, ವೆನಮ್ ಜೆಟ್‌ಗಳು ಬಂದವು, ಅವುಗಳಿಗೆ ದಿಣ್ಣೆಯ ಮೇಲೆ ಉದ್ದನೆಯ ರನ್‌ವೇ ಆಯಿತು. ಇಂದು ಇಂಗ್ಲೆಂಡಿನಲ್ಲಿ ಹಬ್ಬಾನಿಯಾವನ್ನು ನೆನೆಯುವವರಲ್ಲಿ ಹೆಚ್ಚಿನವರು ಈ ಕಾಲದವರು, ಅಥವಾ ಆಗ ಮಕ್ಕಳಾಗಿದ್ದವರು. ಬೆಳಗ್ಗೆ ಬೇಗ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುವ ಡ್ಯೂಟಿ, ಮಧ್ಯಾಹ್ನವೆಲ್ಲ ಈಜುಕೊಳ, ಸಂಜೆ ಬಯಲು ಸಿನಿಮಾ, ರಜೆಗೆ ಸರೋವರದಲ್ಲಿ ಹಾಯಿದೋಣಿ, ಇಲ್ಲವೇ ಬಸ್ಸು ಮಾಡಿಕೊಂಡು ಬ್ಯಾಬಿಲೋನಿನ ಅವಶೇಷ. ಪಡಿತರದ ಇಂಗ್ಲೆಂಡಿನಿಂದ ಬಂದ ಗೃಹಿಣಿಗೆ ಮನೆಗೆಲಸದವನೊಬ್ಬ ಸಿಕ್ಕಿದ್ದು ಕನಸಿನಂಥ ಸಂಗತಿ. ಆ ಮನೆಗೆಲಸದವನ ಮಗ ಅದೇ ವಯಸ್ಸಿನವನಾಗಿದ್ದರೂ ಇವಳ ಮಗನ ಶಾಲೆಗೆ ಬರುತ್ತಿರಲಿಲ್ಲ, ಶಾಲೆಗಳು ಬೇರೆ ಬೇರೆ. ಇಬ್ಬರೂ ಇಂದು ಅದೇ ನೀರಿನ ಗೋಪುರವನ್ನು ನೆನೆಯುತ್ತಾರೆ, ಒಬ್ಬರನ್ನೊಬ್ಬರು ನೆನೆಯುವುದು ಅಪರೂಪ.

ಬೇಲಿಯ ಹೊರಗೆ ಮಾತ್ರ ಗಾಳಿ ಬದಲಾಗಿತ್ತು. 1948ರ ಜನವರಿಯಲ್ಲಿ ಬ್ರಿಟನ್ನಿನ ಜೊತೆ ಪೋರ್ಟ್ಸ್‌ಮತ್‌ನಲ್ಲಿ ಆದ ಹೊಸ ಒಪ್ಪಂದ ನೆಲೆಗಳನ್ನು ಜಂಟಿಯಾಗಿ ನಡೆಸುವ ಮಾತಾಡಿತು. ಬಾಗ್ದಾದಿನ ಬೀದಿಗಳು ಭುಗಿಲೆದ್ದು, ಜನ ಸತ್ತು, ಒಪ್ಪಂದವೇ ಬಿದ್ದುಹೋಯಿತು. 1955ರಲ್ಲಿ ಬಾಗ್ದಾದ್ ಒಪ್ಪಂದದ ಹೊಸ ರಕ್ಷಣಾ ಏರ್ಪಾಡಿನಂತೆ ಹಬ್ಬಾನಿಯಾ ಇರಾಕಿಗೆ ಸೇರಿತು, ಲೆವಿ ಪಡೆ ವಿಸರ್ಜನೆಯಾಯಿತು. ರಾಯಲ್ ಏರ್ ಫೋರ್ಸ್ ಬಾಡಿಗೆದಾರನ ಹಾಗೆ ಇನ್ನೂ ಕೆಲವು ವರ್ಷ ಉಳಿಯಿತು. 1958ರ ಜುಲೈ 14ರ ಕ್ರಾಂತಿಯಲ್ಲಿ ರಾಜಮನೆತನ ಅಳಿಯಿತು, ಮರುವರ್ಷ ಮೇ 31ಕ್ಕೆ ಕೊನೆಯ ಬ್ರಿಟಿಷ್ ವಾಯುಯೋಧರೂ ಹೊರಟರು.

ಅವರು ಮನೆಗೆ ಹೋದರು. ಸಿವಿಲ್ ಕಂಟೋನ್ಮೆಂಟಿನವರು ಮನೆ ಖಾಲಿ ಮಾಡಿದರು. ನಲವತ್ತು ವರ್ಷದಲ್ಲಿ ಮೂರನೆಯ ಸಲ ಗಂಟುಮೂಟೆ ಕಟ್ಟಿದ ಅಜ್ಜಿಯರೂ ಅವರಲ್ಲಿ ಇದ್ದಿರಬೇಕು. ಕೆಲವರು ಬಾಗ್ದಾದಿಗೆ, ಬಸ್ರಾಕ್ಕೆ, ಕೆಲವರು ಕಿರ್ಕೂಕಿನ ತೈಲ ಕಂಪನಿಗೆ ಹೋದರು. ಅಲ್ಲಿಂದ ಮುಂದೆ ಮಕ್ಕಳು ಚಿಕಾಗೊ, ಕ್ಯಾಲಿಫೋರ್ನಿಯಾದ ಟರ್ಲಾಕ್, ಸಿಡ್ನಿಯ ಫೇರ್‌ಫೀಲ್ಡ್ ಸೇರಿದರು. ಲಂಡನ್ನಿನ ಈಲಿಂಗ್‌ನಲ್ಲಿ ಬೇರೂರಿದ ಅಸ್ಸೀರಿಯನ್ ಕುಟುಂಬಗಳಲ್ಲಿ ಹಬ್ಬಾನಿಯಾದವು ಬಹಳ. ಇಂಗ್ಲಿಷ್ ಗೊತ್ತಿತ್ತು, ಕೈಯಲ್ಲಿ ಕಸುಬಿತ್ತು, ಬ್ರಿಟಿಷರ ರೀತಿ ತಿಳಿದಿತ್ತು. ಬೇಲಿಯ ಬದುಕು ಕೊಟ್ಟ ಆಸ್ತಿ ಇಷ್ಟೇ. ಬ್ರಿಟಿಷ್ ನಿವೃತ್ತರು ಸಂಘ ಕಟ್ಟಿ, ಪತ್ರಿಕೆ ಹೊರಡಿಸಿ, ವರ್ಷಕ್ಕೊಮ್ಮೆ ಕೂಡಿ ಊಟ ಮಾಡಿದರು. ಅವರ ಸ್ಕ್ವಾಡ್ರನ್ನುಗಳ ದಿನಚರಿ ಸರ್ಕಾರಿ ಪತ್ರಾಗಾರದಲ್ಲಿ ಭದ್ರವಾಗಿದೆ. ಸಿವಿಲ್ ಕಂಟೋನ್ಮೆಂಟಿನ ದಾಖಲೆ ಎಂದರೆ ಮನೆಗಳ ಗೋಡೆಯ ಮೇಲಿನ ಚಿತ್ರಪಟಗಳು: ಶಾಲೆಯ ತಂಡ, ಲೆವಿ ಟೋಪಿ ತೊಟ್ಟ ಅಜ್ಜ, ಮದುವೆಯ ಸಾಲು. ನೆಲೆಯ ಚರಿತ್ರೆ ಬರೆಯುವವರು ಈ ಚಿತ್ರಪಟಗಳಿಂದ ಶುರು ಮಾಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಸ್ಕ್ವಾಡ್ರನ್ನುಗಳು ಬಂದು ಹೋಗುತ್ತಿದ್ದವು, ಇಡೀ ಕಾಲ ಅಲ್ಲಿದ್ದವರು ಇವರು.

ಆ ಜಾಗಕ್ಕೆ ಬಿಡುವು ಸಿಗಲಿಲ್ಲ. ದಿಣ್ಣೆಯ ಮೇಲೆ ಇರಾಕಿನ ಅಲ್-ತಖದ್ದುಮ್ ವಾಯುನೆಲೆ ಬೆಳೆಯಿತು. ಬ್ರಿಟಿಷರು ಇನ್ನೂ ಇದ್ದಾಗಲೇ, 1956ರಲ್ಲಿ, ರಮಾದಿಯ ಅಣೆಕಟ್ಟು ಮುಗಿದು, ಯೂಫ್ರಟಿಸ್ಸಿನ ನೆರೆಯನ್ನು ಸರೋವರಕ್ಕೆ ತಿರುಗಿಸುವ ಏರ್ಪಾಡಾಯಿತು. 1970ರ ದಶಕದ ಕೊನೆಯಲ್ಲಿ ಸರೋವರದ ದಂಡೆಗೆ ದೊಡ್ಡ ಪ್ರವಾಸಿ ಗ್ರಾಮ ಬಂತು, 2014ರ ನಂತರ ಅನ್ಬಾರ್ ಪ್ರಾಂತದ ಯುದ್ಧದಿಂದ ಓಡಿಬಂದವರು ಅದರ ಕೋಣೆಗಳಲ್ಲೂ ಸುತ್ತಲ ಗುಡಾರಗಳಲ್ಲೂ ತುಂಬಿದರು. 2003ರ ನಂತರ ಕೆಲವು ವರ್ಷ ಅಮೆರಿಕದ ಸೈನಿಕರು ಹಳೆಯ ನೆಲೆಯಲ್ಲಿ ಬಿಡಾರ ಹೂಡಿದ್ದರು. ಬ್ರಿಟಿಷರು ಕಟ್ಟಿದ ಕಟ್ಟಡಗಳನ್ನೂ, ಒಳಗಿನ ಚಿಕ್ಕ ಸ್ಮಶಾನವನ್ನೂ ಅವರು ತೆಗೆದ ಫೋಟೊಗಳಲ್ಲಿ ಕಂಡು ಇಂಗ್ಲೆಂಡಿನ ಮುದುಕರು ತಮ್ಮ ಬ್ಯಾರಕು ಯಾವುದೆಂದು ಗುರುತು ಹಚ್ಚಿದರು.

ಇರಾಕಿನ ಜನಸಾಮಾನ್ಯರು ಈ ನೆಲೆಯಿಂದ ತಮ್ಮದೆಂದು ಎತ್ತಿಕೊಂಡದ್ದು ಫುಟ್‌ಬಾಲ್ ಒಂದನ್ನೇ. ಸಿವಿಲ್ ಕಂಟೋನ್ಮೆಂಟಿನ ಹುಡುಗರು ಬ್ರಿಟಿಷ್ ತಂಡಗಳ ಎದುರು ಆಡಿ ಆಡಿ ಪಳಗಿದ್ದರು. ಅವರಲ್ಲಿ ಯೂರಾ ಇಶಾಯಾ 1954ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ರೋವರ್ಸ್ ಕ್ಲಬ್ಬಿಗೆ ಹೋದ. ಇನ್ನೊಬ್ಬ ಇಮ್ಯಾನುಯೆಲ್ ಬಾಬಾ ದಾವೂದ್. ಹುಟ್ಟಿದ್ದು 1934ರಲ್ಲಿ ಹಿನೈದಿಯ ಕ್ಯಾಂಪಿನಲ್ಲಿ, ಮೂರು ವರ್ಷದವನಿದ್ದಾಗ ಹಬ್ಬಾನಿಯಾಕ್ಕೆ ಬಂದ. ರಾಬಿ ಯಾಕೂಬರ ಶಾಲೆಯಲ್ಲಿ ಓದಿ, ನೆಲೆಯ ನೌಕರರ ತಂಡದಲ್ಲಿ ಆಡಿದ. ಅಮ್ಮೊ ಬಾಬಾ ಎಂದರೆ ಇರಾಕಿನಲ್ಲಿ ಇಂದಿಗೂ ಗೊತ್ತಿಲ್ಲದವರಿಲ್ಲ. 1957ರಲ್ಲಿ ಬೈರೂತಿನ ಅರಬ್ ಕ್ರೀಡಾಕೂಟದಲ್ಲಿ ಮೊರಾಕ್ಕೊ ಎದುರು ಇರಾಕಿನ ಮೊಟ್ಟಮೊದಲ ಅಂತರರಾಷ್ಟ್ರೀಯ ಗೋಲು ಹೊಡೆದವನು ಅವನು. ಮುಂದೆ ತರಬೇತುದಾರನಾಗಿ 1984 ಮತ್ತು 1988ರ ಒಲಿಂಪಿಕ್ಸಿಗೆ ತಂಡ ಒಯ್ದ. ಸೋತಾಗ ಹಲವು ಸಲ ಸದ್ದಾಮನ ಮಗ ಉದಯ್ ಅವನನ್ನು ಜೈಲಿಗೆ ಹಾಕಿಸಿದ. ದೇಶ ಬಿಡುವ ಅವಕಾಶಗಳಿದ್ದರೂ ಬಿಡಲಿಲ್ಲ. ಈಲಿಂಗ್‌ಗೋ ಚಿಕಾಗೊಗೋ ಹೋಗಿದ್ದರೆ ಅವನ ಶಾಲೆಯ ಗೆಳೆಯರು ಅರ್ಧ ಜನ ಅಲ್ಲೇ ಸಿಗುತ್ತಿದ್ದರು. 2009ರ ಮೇ 27ರಂದು ದೊಹುಕ್‌ನಲ್ಲಿ ತೀರಿಕೊಂಡ. ಬಾಗ್ದಾದಿನ ಅಲ್-ಶಾಬ್ ಕ್ರೀಡಾಂಗಣದಲ್ಲೇ ತನ್ನನ್ನು ಮಣ್ಣು ಮಾಡಬೇಕೆಂದು ಕೇಳಿಕೊಂಡಿದ್ದ, ಇರಾಕ್ ಹಾಗೇ ಮಾಡಿತು.